ಡಬ್ಬ ಉಳಿಯಿತು, ಡಿಸ್ಕ್ ಹೋಯಿತು

ಹಳೇ ಕಂಪ್ಯೂಟರ್ ರಿಪೇರಿ ಮಾಡುವ ವಿಡಿಯೋಗಳನ್ನು ನೀವು ನೋಡಿಯೇ ಇರುತ್ತೀರಿ. ನೋಡಿಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ, ರಾತ್ರಿ ಹನ್ನೊಂದರ ಮೇಲೆ ಶುರು ಮಾಡಬೇಡಿ. ಒಂದು ಮುಗಿಯುವಷ್ಟರಲ್ಲಿ ಯೂಟ್ಯೂಬು ಇನ್ನೊಂದನ್ನು ತಂದು ಮುಂದಿಡುತ್ತೆ, ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕೂರಬೇಕಾಗುತ್ತೆ. ಎಲ್ಲ ವಿಡಿಯೋಗಳೂ ಹೆಚ್ಚು ಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಧೂಳು ಹಿಡಿದ, ಹಳದಿಗೆ ತಿರುಗಿದ ಒಂದು ಡಬ್ಬ ಮೇಜಿನ ಮೇಲೆ ಬರುತ್ತೆ. ಸ್ಕ್ರೂ ಬಿಚ್ಚುತ್ತಾರೆ. ಒಳಗೆ ಜೇಡರ ಬಲೆ, ಸತ್ತ ಜಿರಲೆ. ಬೋರ್ಡಿನ ಮೇಲಿನ ಬ್ಯಾಟರಿ ಸೋರಿ ಸುತ್ತಲೂ ಹಸಿರು ಪಾಚಿ ಕಟ್ಟಿದ ಹಾಗಾಗಿರುತ್ತೆ. ವಿನೆಗರ್ ಹಚ್ಚಿ ತೊಳೆಯುತ್ತಾರೆ, ಸೋರಿಕೆ ತಿಂದುಹಾಕಿದ ತಾಮ್ರದ ಗೆರೆಗಳ ಜಾಗದಲ್ಲಿ ಕೂದಲಿನಂಥ ತಂತಿ ಬೆಸೆಯುತ್ತಾರೆ, ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದು ಕೂರಿಸುತ್ತಾರೆ. ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಹಳದಿ ಹೋಗಿ ಮತ್ತೆ ಬೆಳ್ಳಗಾಗುತ್ತೆ. ಕೊನೆಗೆ ಸ್ವಿಚ್. ಒಂದು ಬೀಪ್. ಪರದೆ ಮೇಲೆ ಅಕ್ಷರ. ಆಮೇಲೆ ಒಂದು ಗೇಮ್, ಡೂಮ್ ಅಥವಾ ಪ್ರಿನ್ಸ್ ಆಫ್ ಪರ್ಷಿಯಾ. ಮುಗೀತು. ಲೈಕ್ ಮಾಡಿ, ಸಬ್‌ಸ್ಕ್ರೈಬ್ ಆಗಿ.

ನನಗೆ ಈ ವಿಡಿಯೋಗಳ ಮೇಲೆ ಸಿಟ್ಟಿಲ್ಲ, ಪ್ರೀತಿಯೇ ಇದೆ. 'ದಿ 8-ಬಿಟ್ ಗೈ', 'ಏಡ್ರಿಯನ್ಸ್ ಡಿಜಿಟಲ್ ಬೇಸ್‌ಮೆಂಟ್' ಥರದ ಚಾನೆಲ್‌ಗಳಿಂದ ನಾನು ಕಲಿತದ್ದು ಬಹಳ. ಫೋನಿನ ಬ್ಯಾಟರಿಯನ್ನೂ ಅಂಟು ಹಾಕಿ ಮುಚ್ಚಿ ಕೊಡುವ ಈ ಕಾಲದಲ್ಲಿ, ಯಂತ್ರ ಅಂದ್ರೆ ಬಿಚ್ಚಿ ನೋಡಬಹುದಾದ ವಸ್ತು ಅಂತ ತೋರಿಸಿಕೊಟ್ಟವರು ಇವರು. ಪಾರ್ಟ್ ಬದಲಿಸೋಕೆ ಮುಂಚೆ ವೋಲ್ಟೇಜ್ ಅಳೆದು ನೋಡು, ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಬೆಸುಗೆ ಕಡ್ಡಿ ಮುಟ್ಟಬೇಡ ಅನ್ನೋ ಶಿಸ್ತೂ ಅವರದೇ. ಬೆಂಗಳೂರಿನಲ್ಲಿ ಎಸ್.ಪಿ. ರೋಡಿಗೆ ಹೋಗಿ ಹಳೇ ಸಿಮ್ ರ‍್ಯಾಮ್ ಸಿಗುತ್ತಾ ಅಂತ ಅಂಗಡಿಯಿಂದ ಅಂಗಡಿಗೆ ಅಲೆಯೋ ಹುಡುಗ ಹುಡುಗಿಯರು ಈಗ ಇದ್ದಾರೆ. ಕೋಡ್ ಬರೆದು ದಣಿದವರಿಗೆ ಕೈಯಲ್ಲಿ ಮುಟ್ಟುವ ಕೆಲಸ ಒಂದು ಬೇಕು. ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲೂ ಒಂದು 486, ಎರಡು ಪೆಂಟಿಯಂ ಇವೆ.

ಆದರೆ ಇಷ್ಟು ವರ್ಷ ನೋಡಿದ ಮೇಲೆ ಈ ಪ್ರಕಾರದ ಬಗ್ಗೆ ಒಂದು ತಕರಾರು ಹೇಳಲೇಬೇಕು. ಇವು ಕೇಳುವ ಪ್ರಶ್ನೆ ಒಂದೇ: ಆನ್ ಆಗುತ್ತಾ? ಈ ಯಂತ್ರ ಯಾರ ಮನೇಲಿತ್ತು, ಏನು ಕೆಲಸ ಮಾಡುತ್ತಿತ್ತು, ಯಾವ ಭಾಷೇಲಿ ಮಾಡುತ್ತಿತ್ತು ಅಂತ ಯಾರೂ ಕೇಳಲ್ಲ. ಕೇಳುವುದಿರಲಿ, ಉತ್ತರ ಇರುವ ಜಾಗವನ್ನೇ ಮೊದಲು ಕಿತ್ತು ಹಾಕುತ್ತಾರೆ. ಹಳೇ ಹಾರ್ಡ್ ಡಿಸ್ಕ್ ಸದ್ದು ಮಾಡುತ್ತೆ, ನಿಧಾನ, ಯಾವಾಗ ಸಾಯುತ್ತೋ ಗೊತ್ತಿಲ್ಲ. ಹಾಗಾಗಿ ಅದನ್ನು ತೆಗೆದು ಆ ಜಾಗಕ್ಕೆ ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ, ಡಾಸ್ ಹೊಸದಾಗಿ ಇನ್‌ಸ್ಟಾಲ್ ಮಾಡುವುದು ಈ ಹವ್ಯಾಸದಲ್ಲಿ ಮಾಮೂಲಿ. ತೆಗೆದ ಡಿಸ್ಕ್ ಏನಾಯ್ತು ಅಂತ ವಿಡಿಯೋದಲ್ಲಿ ಹೇಳುವುದು ಅಪರೂಪ. ಅದರಲ್ಲಿ ಏನಿತ್ತು ಅಂತ ಹೇಳುವುದು ಇನ್ನೂ ಅಪರೂಪ. ಡಬ್ಬಕ್ಕೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ನೆನಪನ್ನು ಮಾತ್ರ ಕಸಕ್ಕೆ ಹಾಕಿದ ಹಾಗೆ.

ಅಮೆರಿಕದವರು ಹೀಗೆ ಮಾಡಿದರೆ ಅಷ್ಟು ನಷ್ಟವಿಲ್ಲ ಅನ್ನಿ. ಅವರ ತಂತ್ರಾಂಶಗಳನ್ನು ಕಾಯುವವರು ಬೇರೆ ಇದ್ದಾರೆ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2010ರಲ್ಲಿ ಮ್ಯಾಕ್‌ಪೇಂಟ್‌ನ ಮೂಲ ಕೋಡನ್ನೂ 2014ರಲ್ಲಿ ಎಂಎಸ್-ಡಾಸ್‌ನ ಮೊದಮೊದಲ ಆವೃತ್ತಿಗಳ ಕೋಡನ್ನೂ ಎಲ್ಲರಿಗೂ ಸಿಗುವ ಹಾಗೆ ಬಿಟ್ಟಿತು. ಇಂಟರ್ನೆಟ್ ಆರ್ಕೈವ್‌ಗೆ ಹೋದರೆ ಸಾವಿರಾರು ಡಾಸ್ ಗೇಮುಗಳನ್ನು ಬ್ರೌಸರಿನಲ್ಲೇ ಆಡಬಹುದು. ಇಂಗ್ಲಿಷಿನಲ್ಲಿ 1985ರಲ್ಲಿ ಟೈಪ್ ಮಾಡಿದ ಒಂದು ಪತ್ರವನ್ನು ಇವತ್ತು ನೋಟ್‌ಪ್ಯಾಡಿನಲ್ಲಿ ತೆಗೆದರೂ ಅಕ್ಷರ ಓದಲು ಸಿಗುತ್ತೆ, ಅಲಂಕಾರ ಹೋಗಿರಬಹುದು ಅಷ್ಟೇ. ಅಲ್ಲಿ ಡಬ್ಬ ಮಾತ್ರ ಉಳಿಸಿದರೂ ಕಥೆ ಉಳಿಯುತ್ತೆ. ನಾವು ಅವರನ್ನು ನೋಡಿ ಅದೇ ಕ್ರಮದಲ್ಲಿ ಅದೇ ಕೆಲಸ ಮಾಡಿದರೆ ಕಥೆ ಹೋಗಿ ಡಬ್ಬ ಉಳಿಯುತ್ತೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲನೆಯದಾಗಿ, ನಮ್ಮ ಸಂಗ್ರಾಹಕರ ಕಪಾಟು ನೋಡಿ. ಕಮಡೋರ್ 64, ಸಿಂಕ್ಲೇರ್ ಸ್ಪೆಕ್ಟ್ರಮ್, ಆಪಲ್ ಟೂ. ಚೆನ್ನಾಗಿವೆ, ಒಪ್ಪಿದೆ. ಆದರೆ ಇವುಗಳ ಮುಂದೆ ಕೂತು ಬೆಳೆದ ಕನ್ನಡದ ಮಕ್ಕಳು ಎಷ್ಟು ಜನ? ನಮ್ಮಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಅಂತ ಮೊದಲು ಬಂದದ್ದು 1984ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ, ಅದೂ ಆಯ್ದ ಕೆಲವು ಶಾಲೆಗಳಿಗೆ, 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋ. ನಮ್ಮಲ್ಲೇ ವಿಪ್ರೋ, ಪಿಎಸ್‌ಐ ಕಂಪನಿಗಳು ಕಂಪ್ಯೂಟರ್ ತಯಾರಿಸಿದವು, ಅವು ಹೋಗಿದ್ದು ಬ್ಯಾಂಕಿಗೆ, ಕಾರ್ಖಾನೆಗೆ, ದೊಡ್ಡ ಕಚೇರಿಗಳಿಗೆ. ತಾಲೂಕು ಕೇಂದ್ರದಲ್ಲಿ, ಹೋಬಳಿಯಲ್ಲಿ ಜನ ಕಣ್ಣಾರೆ ಕಂಡ ಕಂಪ್ಯೂಟರ್ ಯಾವುದು ಹೇಳಿ? ಅಸೆಂಬಲ್ಡ್. ಕ್ಯಾಬಿನೆಟ್ ಒಂದು ಕಡೆಯದು, ಮದರ್‌ಬೋರ್ಡ್ ತೈವಾನಿನದು, ಕೀಬೋರ್ಡ್ ಟಿವಿಎಸ್, ಮೇಲೆ ಒಂದು ಪ್ಲಾಸ್ಟಿಕ್ ಕವರು, ಆಯುಧ ಪೂಜೆಯ ಕುಂಕುಮ. ಅದಕ್ಕೆ ಮಾಡೆಲ್ ನಂಬರ್ ಇಲ್ಲ, ಲೋಗೋ ಇಲ್ಲ. ಹಾಗಾಗಿ ಸಂಗ್ರಾಹಕರ ಲೆಕ್ಕದಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಕ್ಯಾಬಿನೆಟ್ ಸ್ವಲ್ಪ ವಿಚಿತ್ರವಾಗಿದ್ದರೆ, ಟರ್ಬೋ ಬಟನ್, ಕೆಂಪು ಅಂಕಿ ತೋರಿಸುವ ಡಿಸ್‌ಪ್ಲೇ ಇದ್ದರೆ, ಆಗ ಮಾತ್ರ ಯಾರಾದರೂ ಕೇಳುತ್ತಾರೆ.

ನಾನು ಬೆಳೆದದ್ದು ಕುಮಾರಪಟ್ಟಣದಲ್ಲಿ. ಹರಿಹರದಿಂದ ತುಂಗಭದ್ರೆ ದಾಟಿದರೆ ಈಚೆ ದಡ, ರಾಣೇಬೆನ್ನೂರು ತಾಲೂಕು, ಪಾಲಿಫೈಬರ್ಸ್ ಕಾರ್ಖಾನೆಯ ಊರು. ಕಾರ್ಖಾನೆ ಒಳಗಿನ ಕಂಪ್ಯೂಟರ್‌ಗಳು ನಮಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್, ಎಸ್‌ಟಿಡಿ ಬೂತ್ ಜೊತೆಗೇ ಇದ್ದ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್. ಅಂಗಡಿಯವರನ್ನು ಊರ ಹುಡುಗರೆಲ್ಲ ಕಾಕಾ ಅಂತಲೇ ಕರೆಯೋದು. ಮದುವೆ ಪತ್ರಿಕೆ, ಗೃಹಪ್ರವೇಶ, ಜಾತ್ರೆ ಕರಪತ್ರ, ನಾಟಕದ ಪೋಸ್ಟರ್, ತಹಶೀಲ್ದಾರರಿಗೆ ಮನವಿ, ಕಾರ್ಮಿಕ ಸಂಘದ ನೋಟಿಸ್, ರಾಣೇಬೆನ್ನೂರಿನ ಬೀಜದ ಅಂಗಡಿಗಳ ಜಾಹೀರಾತು, ಬ್ಯಾಡಗಿ ಮೆಣಸಿನಕಾಯಿ ದಲಾಲರ ಬಿಲ್ ಬುಕ್ಕು, ಹೈಸ್ಕೂಲಿನ ಸ್ಮರಣ ಸಂಚಿಕೆ ಎಲ್ಲ ಅದರಿಂದಲೇ ಹೊರಗೆ ಬಂದವು. 1997ರಲ್ಲಿ ಧಾರವಾಡ ಒಡೆದು ಹಾವೇರಿ ಜಿಲ್ಲೆ ಆಯ್ತಲ್ಲ, ಆಚೆ ದಡದ ಹರಿಹರವೂ ಅದೇ ವರ್ಷ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಎರಡೂ ದಡದ ಸಂಘ ಸಂಸ್ಥೆಗಳ ಲೆಟರ್‌ಹೆಡ್ ಬದಲಾಗಬೇಕಾಯಿತು. ಕಾಕಾಗೆ ಸುಗ್ಗಿ. ಊರಿನ ಚರಿತ್ರೆ ಅಂತ ಯಾರಾದರೂ ಬರೆಯೋದಾದರೆ ಆ ಡಿಸ್ಕಿಗಿಂತ ಒಳ್ಳೇ ಆಕರ ಸಿಗುತ್ತಿರಲಿಲ್ಲ.

ಈಗ ಎರಡನೇ ಸಂಗತಿ, ಇದು ಸ್ವಲ್ಪ ತಾಂತ್ರಿಕ. ಆ ಕಂಪ್ಯೂಟರಿನೊಳಗೆ ಕನ್ನಡ ಇದ್ದದ್ದು ಹೇಗೆ?

ಕಂಪ್ಯೂಟರಿಗೆ ಕನ್ನಡ ಕಲಿಸಲು ಎರಡು ದಾರಿಗಳಿದ್ದವು. ಒಂದು, ಕ ಅನ್ನೋ ಅಕ್ಷರಕ್ಕೆ ಒಂದು ಸಂಖ್ಯೆ ಕೊಟ್ಟು ಅದನ್ನೇ ಉಳಿಸಿಡುವುದು, ಪರದೆ ಮೇಲೆ ಬಿಡಿಸುವ ಕೆಲಸ ಬೇರೆ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಹೀಗೆ ಮಾಡುತ್ತಿತ್ತು. ಕಂಪ್ಯೂಟರಿನೊಳಗೆ ಒಂದು ಕಾರ್ಡ್ ಸಿಕ್ಕಿಸಿದರೆ ಡಾಸ್ ತಂತ್ರಾಂಶಗಳಲ್ಲೂ ಭಾರತೀಯ ಲಿಪಿ ಮೂಡುತ್ತಿತ್ತು. 1991ರಲ್ಲಿ 'ಇಸ್ಕಿ' ಅನ್ನೋ ಹೆಸರಿನಲ್ಲಿ ಇದಕ್ಕೆ ರಾಷ್ಟ್ರೀಯ ಮಾನಕವೂ ಆಯ್ತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಅಂದ್ರೆ ಸರಿಯಾದ ದಾರಿ ಕಾಗದದ ಮೇಲೆ ಬೇಗನೇ ಸಿದ್ಧವಾಗಿತ್ತು.

ಆದರೆ ಡಿಟಿಪಿ ಅಂಗಡಿಗೆ ಬೇಕಾಗಿದ್ದದ್ದು ಪೇಜ್‌ಮೇಕರ್. ಪೇಜ್‌ಮೇಕರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಥರದ ಲಿಪಿ ಮಾತ್ರ. ಹಾಗಾಗಿ ಎರಡನೇ ದಾರಿ: ಕನ್ನಡದ ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಕೂರುವ ಇನ್ನೂರು ಚಿಲ್ಲರೆ ಖಾನೆಗಳಲ್ಲಿ ಆ ತುಂಡುಗಳನ್ನು ಕೂರಿಸುವುದು. ನುಡಿ, ಬರಹದ ಹಳೇ ಫಾಂಟುಗಳಲ್ಲಿ 'ಕನ್ನಡ' ಅಂತ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದು ನೋಡಿ. ಮೊದಲು ಇಂಗ್ಲಿಷಿನ ದೊಡ್ಡ ಪಿ. ಅದು ತಲೆಕಟ್ಟಿಲ್ಲದ ಕ. ಆಮೇಲೆ ತಲೆಮೇಲೆ ಗೀಟು ಇರುವ ಒಂದು ಎ. ಅದು ತಲೆಕಟ್ಟು. ಆಮೇಲೆ ಬ್ರಿಟಿಷರ ಪೌಂಡ್ ಗುರುತು. ಅದು ನ. ಮತ್ತೆ ಗೀಟಿನ ಎ. ಜರ್ಮನ್ ಭಾಷೆಯಲ್ಲಿ ಬರುವ, ನಮ್ಮ ಕಣ್ಣಿಗೆ ಬೀಟಾದಂತೆ ಕಾಣುವ ಒಂದು ಅಕ್ಷರ. ಅದು ನ ಒತ್ತು. ಕೊನೆಗೆ ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಅದು ಡ. ಯಂತ್ರದ ಪಾಲಿಗೆ ಅಲ್ಲಿ ಕನ್ನಡ ಇಲ್ಲವೇ ಇಲ್ಲ. ಯುರೋಪಿನ ಕಸಬರಿಗೆ ಕಡ್ಡಿಗಳಿವೆ, ಫಾಂಟ್ ಅನ್ನೋ ಕನ್ನಡಕ ಹಾಕಿಕೊಂಡರೆ ಮಾತ್ರ ಕನ್ನಡ ಕಾಣುತ್ತೆ.

ಒಂದೇ ಕನ್ನಡಕ ಆಗಿದ್ದರೂ ನಡೀತಿತ್ತು. ಸೊನಾಟಾದ ಪ್ರಕಾಶಕ್, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಒಬ್ಬೊಬ್ಬರದು ಒಂದೊಂದು ಕೋಷ್ಟಕ. ಇವರ ಪಿ ಅವರ ಪಿ ಅಲ್ಲ. ಜೊತೆಗೆ ಕಳ್ಳ ನಕಲು ತಡೆಯೋಕೆ ಡಾಂಗಲ್. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಬೀಗ, ಅದು ಇಲ್ಲದಿದ್ದರೆ ತಂತ್ರಾಂಶ ಬಾಯಿ ಬಿಡಲ್ಲ. ಈಗಿನ ಲ್ಯಾಪ್‌ಟಾಪಿಗೆ ಆ ಪೋರ್ಟೇ ಇಲ್ಲ. ಯುಎಸ್‌ಬಿ ಅಡಾಪ್ಟರ್ ತಂದು ಸಿಕ್ಕಿಸಿದರೆ ಪ್ರಿಂಟರ್ ಓಡಬಹುದು, ಬೀಗ ಸಾಮಾನ್ಯವಾಗಿ ತೆಗೆಯಲ್ಲ.

ಈ ಗೋಜಲಿನ ನಡುವೆಯೇ ನಮ್ಮವರು ದೊಡ್ಡ ಕೆಲಸ ಮಾಡಿದ್ದಾರೆ ಅನ್ನೋದನ್ನು ಮರೆಯಬಾರದು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದ್ರೆ ಕೆ.ಪಿ. ರಾವ್, ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಕೂರುವ ವಿನ್ಯಾಸ ಮಾಡಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಇವತ್ತು ಸರ್ಕಾರಿ ಕಚೇರಿಯ ಟೈಪಿಸ್ಟು ಒತ್ತಕ್ಷರಕ್ಕೆ ಎಫ್ ಒತ್ತುತ್ತಾರಲ್ಲ, ಅದು ಅದೇ ವಿನ್ಯಾಸ. ಶೇಷಾದ್ರಿವಾಸು 1998ರಲ್ಲಿ 'ಬರಹ' ಬಿಟ್ಟರು, ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿದ್ದ ಕನ್ನಡಿಗರೂ ಬರೆಯೋಕೆ ಶುರುಮಾಡಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಯೂನಿಕೋಡ್ ಕನ್ನಡವೂ ಬಂತು. ಅದರಲ್ಲಿದ್ದ ಫಾಂಟಿನ ಹೆಸರು 'ತುಂಗಾ', ನಮ್ಮೂರ ಹೊಳೆಯ ಅರ್ಧ ಹೆಸರು. ಇಷ್ಟೆಲ್ಲ ಆದರೂ ಪೇಜ್‌ಮೇಕರ್ ಕೊನೆಯವರೆಗೂ ಯೂನಿಕೋಡ್ ಕಲಿಯಲಿಲ್ಲ. ಅಂಗಡಿಗಳು ಹಳೇ ಫಾಂಟಿನಲ್ಲೇ ಉಳಿದವು. ಕೆಲವು ಈಗಲೂ ಉಳಿದಿವೆ.

ಹಾಗಾಗಿ ನಮ್ಮ ಅಚ್ಚಿನ ಚರಿತ್ರೆಯಲ್ಲಿ ಒಂದು ವಿಚಿತ್ರ ಪಟ್ಟಿ ಇದೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕಗಳು ಕಾಗದದಲ್ಲಿವೆ. ಯೂನಿಕೋಡ್ ಕಾಲದ ಬರಹ ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತೆ. ನಡುವಿನ ಹದಿನೈದು ಇಪ್ಪತ್ತು ವರ್ಷ ಮಾತ್ರ ಡಿಸ್ಕಿನಲ್ಲಿದ್ದೂ ಇಲ್ಲದ ಹಾಗಿದೆ. ದೊಡ್ಡ ಲೇಖಕರ ಪುಸ್ತಕಗಳಿಗೆ ಚಿಂತೆಯಿಲ್ಲ, ಗ್ರಂಥಾಲಯದಲ್ಲಿ ಪ್ರತಿ ಇರುತ್ತೆ. ಇನ್ನೂರು ಪ್ರತಿ ಹಾಕಿಸಿ ಊರಲ್ಲಿ ಹಂಚಿದವರ ಗತಿ ಏನು?

ಕಾಕಾನ ಅಂಗಡಿಯ ಕಥೆಯಿಂದಲೇ ಇದಕ್ಕೆ ಉತ್ತರ ಹೇಳಬಹುದು. ಮೂರು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋದಾಗ ಹಳೇ ಕಂಪ್ಯೂಟರ್ ಇದ್ದ ಮೂಲೆ ಖಾಲಿ ಇತ್ತು. ಎಲ್ಲಿ ಹೋಯ್ತು ಕಾಕಾ ಅಂದೆ.

"ಬೆಂಗಳೂರಿಂದ ಒಬ್ರು ಬಂದಿದ್ರು ತಮ್ಮಾ. ಹಳೇ ಕಂಪ್ಯೂಟರ್ ಕೂಡಿ ಹಾಕ್ತಾರಂತ. ಗುಜರಿಯವ ಕೊಡೋದರ ಹತ್ತು ಪಟ್ಟು ಕೊಟ್ರು, ಬ್ಯಾಡ ಅನ್ನಾಕ ಆಗ್ತೈತೇನು?"

"ಒಳಗಿಂದೆಲ್ಲ?"

"ಫೋನ್ ಮಾಡಿ ಕೇಳಿದ್ದೆ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕೀನಿ ಅಂದ್ರು. ಖುಷೀಲೆ ಫೋಟೋನೂ ಕಳಿಸ್ಯಾರ, ನೋಡಿಲ್ಲಿ."

ಫೋಟೋ ಚೆನ್ನಾಗಿತ್ತು. ಕ್ಯಾಬಿನೆಟ್ ಹೊಸದರಂತೆ ಬೆಳ್ಳಗಿತ್ತು. ಪರದೆ ಮೇಲೆ ವಿಂಡೋಸ್ 98ರ ಮೋಡಗಳು, ಪಕ್ಕದಲ್ಲಿ ಡೇವ್ ಗೇಮ್. ಕೊಂಡವರಲ್ಲಿ ದುರುದ್ದೇಶ ಇರಲಿಲ್ಲ, ಅವರು ಈ ಹವ್ಯಾಸದ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ತಕರಾರು ಇರೋದು ಆ ಪಾಠದ ಮೇಲೆ.

ಕಾಕಾ ಇನ್ನೊಂದು ಮಾತು ಹೇಳಿದರು. ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕಿದ್ದ ಒಬ್ಬರು ಸುತ್ತಲಿನ ಹಳ್ಳಿಗಳ ಡೊಳ್ಳಿನ ಪದಗಳನ್ನು ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರಂತೆ. ರಿಟೈರ್ ಆಗುವ ಮುಂಚೆ ಅದನ್ನು ಟೈಪ್ ಮಾಡಿಸಿದರು. ಪುಸ್ತಕ ಆಗಲಿಲ್ಲ, ದುಡ್ಡು ಹೊಂದಲಿಲ್ಲ. ಅವರು ಹೋಗಿ ಬಹಳ ವರ್ಷ ಆಯ್ತು, ನೋಟ್‌ಬುಕ್ಕು ಗೆದ್ದಲು ಹಿಡಿದು ಹೋಯ್ತು. ಮಗಳು ಬಂದು ಕೇಳಿದಾಗ ಕಂಪ್ಯೂಟರ್ ಹೋಗಿ ಆರು ತಿಂಗಳಾಗಿತ್ತು.

ಉಳಿದಿದ್ದು ಡ್ರಾಯರಿನಲ್ಲಿದ್ದ ಮೂರು ಫ್ಲಾಪಿ, ಮತ್ತೆ ತಿದ್ದಲು ತೆಗೆದ ಹನ್ನೆರಡು ಪುಟದ ಪ್ರೂಫ್. ಫ್ಲಾಪಿಗಳನ್ನು ಬೆಂಗಳೂರಿಗೆ ತಂದೆ. ಒಂದಕ್ಕೆ ಬೂಷ್ಟು ಹಿಡಿದಿತ್ತು, ಕವಚದ ಶಟರ್ ಸರಿಸಿದರೆ ಡಿಸ್ಕಿನ ಮೇಲೆ ಬಿಳಿ ಚುಕ್ಕೆ ಕಾಣುತ್ತಿದ್ದವು. ಅದನ್ನು ಡ್ರೈವಿಗೆ ಹಾಕಿದರೆ ಡ್ರೈವಿನ ಹೆಡ್ಡೂ ಕೆಡುತ್ತೆ, ಪಕ್ಕಕ್ಕಿಟ್ಟೆ. ಉಳಿದೆರಡನ್ನು ನನ್ನ 486ರ ಡ್ರೈವ್ ಓದಿತು, ಕೆಲವು ಕಡೆ ನಾಲ್ಕೈದು ಸಲ ತಡವರಿಸಿ. ಬಾಲ್ಕನಿಯ ಕಂಪ್ಯೂಟರ್ ಒಂದು ಉಪಯೋಗಕ್ಕೆ ಬಂತು ಅಂತ ಮನೆಯವರಿಗೆ ಅವತ್ತು ಮೊದಲ ಸಲ ಒಪ್ಪಿಗೆಯಾಯ್ತು. ಕಡತ ಪೇಜ್‌ಮೇಕರ್ 6.5ರದ್ದು. ಈಗಿನ ಇನ್‌ಡಿಸೈನ್ ಅದನ್ನು ತೆಗೆಯಲ್ಲ, ಹಳೇ ಪೇಜ್‌ಮೇಕರೇ ಬೇಕು. ಪೆಂಟಿಯಮ್ಮಿನಲ್ಲಿ ಅದನ್ನು ತೆಗೆದರೆ ಪುಟ ತುಂಬ ಗೀಟಿನ ಎ, ಪೌಂಡ್, ಡಿಗ್ರಿ ಗುರುತು. ಕಾಕಾ ಬಳಸಿದ್ದ ಫಾಂಟು ನುಡಿಯದಲ್ಲ. ನುಡಿ, ಬರಹದ ಕಡತಗಳನ್ನು ಯೂನಿಕೋಡ್ ಮಾಡುವ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ, ಇದಕ್ಕೆ ಯಾವುದೂ ಹೊಂದಲಿಲ್ಲ. ಫಾಂಟ್ ಇದ್ದದ್ದು ಬೆಳ್ಳಗಾಗಿ ಹೋದ ಕಂಪ್ಯೂಟರಿನ ಡಿಸ್ಕಿನಲ್ಲಿ.

ಕೊನೆಗೆ ಕೆಲಸಕ್ಕೆ ಬಂದದ್ದು ಪ್ರೂಫಿನ ಹನ್ನೆರಡು ಪುಟ. ಒಂದು ಕಡೆ ಕಡ್ಡಿ ಕಸದಂಥ ಅಕ್ಷರ, ಇನ್ನೊಂದು ಕಡೆ ಅದೇ ಸಾಲಿನ ಕನ್ನಡ. ಶಾಸನ ಓದುವವರ ಹಾಗೆ ಕೂತು ಯಾವ ಖಾನೆಯಲ್ಲಿ ಯಾವ ತುಂಡು ಅಂತ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆಯುತ್ತಾ ಹೋದೆ. ಕ, ತ, ಲ ಬೇಗ ಸಿಕ್ಕವು. ಒತ್ತುಗಳು ಸತಾಯಿಸಿದವು. ಡೊಳ್ಳು ಅನ್ನೋ ಪದ ಪದೇ ಪದೇ ಬರುತ್ತಿದ್ದರಿಂದ ಳ ಒತ್ತು ಮೊದಲೇ ಗೊತ್ತಾಯ್ತು. ಹನ್ನೆರಡು ಪುಟದಲ್ಲಿ ಒಮ್ಮೆಯೂ ಬಾರದ ಮಹಾಪ್ರಾಣಗಳನ್ನು ಅರ್ಥದ ಮೇಲೆ ಊಹಿಸಬೇಕಾಯಿತು. ಶನಿವಾರ ಭಾನುವಾರ ಸೇರಿಸಿ ಎರಡು ತಿಂಗಳು ಹಿಡಿಯಿತು. ಮೂರರಲ್ಲಿ ಎರಡು ಭಾಗ ಕನ್ನಡವಾಗಿ ಬಂದವು. ಮೂರನೆಯದು ಬೂಷ್ಟು ಹಿಡಿದ ಫ್ಲಾಪಿಯಲ್ಲೇ ಇದೆ. ಅವರ ಮಗಳಿಗೆ ಪ್ರಿಂಟ್ ಕಳಿಸಿದೆ. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ಉಳಿದದ್ದು ಆ ಕಂಪ್ಯೂಟರಿನ್ಯಾಗ ಇತ್ತಲ್ರಿ, ಅದನ್ನ ಒಯ್ದವರ ಹತ್ರ ಸಿಗೂದಿಲ್ಲೇನ್ರಿ?" ಅವರು ಒಯ್ದ ಡಬ್ಬ ಈಗಲೂ ಚೆನ್ನಾಗೇ ಇದೆ ಅಂತ ಅವರಿಗೆ ಹೇಗೆ ಹೇಳೋದು?

ಇದಕ್ಕೆ ಎದುರು ವಾದಗಳಿವೆ, ಹವ್ಯಾಸದ ಗೆಳೆಯರ ಜೊತೆ ನಾನೇ ಜಗಳವಾಡಿದ್ದೇನೆ. ಮೊದಲನೇ ವಾದ, ಇದು ಹವ್ಯಾಸ ಮಾರಾಯ, ಖುಷಿಗೆ ಮಾಡೋದು, ಇದಕ್ಕೆ ಚರಿತ್ರೆ ಕಾಪಾಡುವ ಹೊರೆ ಯಾಕೆ? ನ್ಯಾಯವಾದ ಮಾತೇ. ಆದರೆ ಹಳೆಯದನ್ನು ಉಳಿಸ್ತಾ ಇದೀವಿ ಅಂತ ವಿಡಿಯೋದ ಮೇಲೆ ಬರೆದುಕೊಳ್ಳುವವರೂ ನಾವೇ. ಹೊಗಳಿಕೆ ಬೇಕಾದರೆ ಹೊಣೆಯನ್ನೂ ಸ್ವಲ್ಪ ಹೊರಬೇಕು.

ಎರಡನೇ ವಾದ ಗಟ್ಟಿಯಾದದ್ದು. ಬೇರೆಯವರ ಡಿಸ್ಕ್ ತೆಗೆದು ನೋಡೋದು ಸರಿಯಾ? ಡಿಟಿಪಿ ಅಂಗಡಿಯ ಡಿಸ್ಕಿನಲ್ಲಿ ಮದುವೆ ಪತ್ರಿಕೆ ಮಾತ್ರ ಇರಲ್ಲ. ಆಸ್ತಿ ಪಾಲಿನ ಕರಡು, ಯಾರದೋ ಮೇಲೆ ಯಾರೋ ಬರೆಸಿದ ದೂರು, ಮುರಿದುಹೋದ ಸಂಬಂಧದ ಕಾಗದ, ಜಾತಿ ಪ್ರಮಾಣ ಪತ್ರ ಎಲ್ಲ ಇರುತ್ತೆ. ಫಾರ್ಮ್ಯಾಟ್ ಮಾಡಿದರೆ ಅವರ ಗುಟ್ಟು ಉಳಿಯುತ್ತಲ್ಲ ಅಂತ ಒಬ್ಬ ಗೆಳತಿ ಕೇಳಿದಳು. ಇದನ್ನು ತಳ್ಳಿಹಾಕೋಕೆ ಆಗಲ್ಲ. ನನ್ನ ಉತ್ತರ ಇಷ್ಟೇ: ನಕಲು ಮಾಡೋದು ಬೇರೆ, ಬಹಿರಂಗ ಮಾಡೋದು ಬೇರೆ. ಅಂಗಡಿಯವರ ಎದುರೇ ನಕಲು ತೆಗೆದು ಅವರ ಕೈಗೇ ಕೊಡಿ. ಯಾವುದು ಯಾರದು, ಯಾರಿಗೆ ಕೊಡಬಹುದು ಅಂತ ಊರಲ್ಲಿ ಬದುಕಿದ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಅವರು ಬೇಡ ಅಂದ್ರೆ ಅಳಿಸಿ. ಕೇಳದೇ ಅಳಿಸುವುದನ್ನು ಗುಟ್ಟು ಕಾಪಾಡಿದ್ದು ಅನ್ನಬೇಡಿ.

ಮೂರನೇ ವಾದ, ಅದರಲ್ಲಿ ಬಹುಪಾಲು ಕಸವೇ. ಹೌದು, ಬಹುಪಾಲು ಕಸವೇ. ಬಿಲ್ ಬುಕ್ಕು, ಹುಟ್ಟುಹಬ್ಬದ ಬ್ಯಾನರು. ಡೊಳ್ಳಿನ ಪದಗಳು ಆ ಕಸದ ನಡುವೆಯೇ ಇದ್ದವು, ಕಡತದ ಹೆಸರು ಎಂಟು ಇಂಗ್ಲಿಷ್ ಅಕ್ಷರದಲ್ಲಿ, ಹೊರಗಿನಿಂದ ನೋಡಿದರೆ ಇನ್ನೊಂದು ಬಿಲ್ ಬುಕ್ಕಿನ ಹಾಗೆ.

ಹಾಗಾದರೆ ನನಗೆ ಬೇಕಾದ ವಿಡಿಯೋ ಎಂಥದ್ದು? ಬೆಸುಗೆ, ವಿನೆಗರ್, ಕೆಪಾಸಿಟರ್ ಎಲ್ಲ ಇರಲಿ, ಕ್ರಮ ಮಾತ್ರ ಬದಲಾಗಲಿ. ಕಂಪ್ಯೂಟರ್ ಕೈಗೆ ಬಂದ ಕೂಡಲೇ ಸ್ವಿಚ್ ಹಾಕಬೇಡಿ. ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ. ಐಡಿಇ-ಯುಎಸ್‌ಬಿ ಅಡಾಪ್ಟರ್ ಅಂತ ಸಿಗುತ್ತೆ, ಒಂದು ಮಲ್ಟಿಪ್ಲೆಕ್ಸ್ ಸಿನಿಮಾದ ಖರ್ಚು ಸಾಕು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ, ಕಡತಗಳನ್ನಷ್ಟೇ ಅಲ್ಲ, ಡಿಸ್ಕನ್ನೇ. ಆ ಕಾಲದ ಡಿಸ್ಕು ನಾಲ್ಕು ಜಿಬಿ ಇದ್ದರೆ ಹೆಚ್ಚು, ನಿಮ್ಮ ಫೋನಿನಲ್ಲಿರುವ ರೀಲ್ಸ್‌ಗಿಂತ ಕಡಿಮೆ. ಫಾಂಟುಗಳ ಫೋಲ್ಡರ್ ಬೇರೆಯಾಗಿ ಎತ್ತಿಡಿ, ನಾಳೆ ಕೋಷ್ಟಕ ಮಾಡುವವರಿಗೆ ಅದೇ ನಿಘಂಟು. ಹಿಂದುಗಡೆ ಪ್ರಿಂಟರ್ ಪೋರ್ಟಿನಲ್ಲಿ ಸಣ್ಣ ಡಬ್ಬಿ ಸಿಕ್ಕಿಸಿದ್ದರೆ ಬಿಸಾಡಬೇಡಿ, ಅದು ಬೀಗದ ಕೈ. ಡ್ರಾಯರಿನಲ್ಲಿ ಫ್ಲಾಪಿ, ಸಿಡಿ, ಪ್ರೂಫ್ ಇದೆಯಾ ಅಂತ ಕೇಳಿ. ಇಷ್ಟಾದ ಮೇಲೆ ಧಾರಾಳವಾಗಿ ಕ್ಯಾಬಿನೆಟ್ ಬಿಸಿಲಿಗಿಡಿ. ವಿಡಿಯೋದ ಕೊನೆಗೆ ಪರದೆ ಮೇಲೆ ಡೇವ್ ಓಡುವ ಬದಲು ಊರ ಜಾತ್ರೆಯ ಒಂದು ಕರಪತ್ರ ತೆರೆದುಕೊಂಡರೆ ನಾನಂತೂ ಎರಡು ಸಲ ಲೈಕ್ ಒತ್ತುತ್ತೀನಿ.

ನೀವು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತೀರಿ. ನಿಮ್ಮೂರಲ್ಲೂ ಒಂದು ಡಿಟಿಪಿ ಅಂಗಡಿ ಇತ್ತು, ನಿಮ್ಮ ಅಕ್ಕನ ಮದುವೆ ಪತ್ರಿಕೆ ಅಲ್ಲೇ ಆಗಿತ್ತು. ಅಂಗಡಿಯವರಿಗೆ ಈಗ ಅರವತ್ತು ದಾಟಿರುತ್ತೆ. ಮೂಲೆಯಲ್ಲಿರುವ ಕಂಪ್ಯೂಟರನ್ನು ಮಗ ಗುಜರಿಗೆ ಹಾಕೋಣ ಅಂತಿರುತ್ತಾನೆ, ಅಥವಾ ನನ್ನಂಥ ಯಾರೋ ಒಬ್ಬ ಫೋನ್ ಮಾಡಿ ರೇಟು ಕೇಳುತ್ತಿರುತ್ತಾನೆ. ಅವನಿಗಿಂತ ಮುಂಚೆ ನೀವು ಒಂದು ಫೋನ್ ಮಾಡಿ. ಕಂಪ್ಯೂಟರ್ ಕೊಡ್ತೀರಾ ಅಂತ ಕೇಳಬೇಡಿ. ಒಳಗೆ ಏನೇನು ಐತ್ರಿ ಅಂತ ಕೇಳಿ.